ಹಳೇ ತೆಪ್ಪ ತಗೊಳ್ಳೂವಾಗ ತಳ ನೋಡ್ರಿ (ಹೊಳಿ ದಂಡಿ ಸರಣಿ – 5)

ಹೋದ ಪೋಸ್ಟಿಗೆ ಬ್ಯಾಡಗಿ ಗೆಳೆಯನೊಬ್ಬ ಕಮೆಂಟ್ ಹಾಕಿದ್ದ: "ಯೂಟ್ಯೂಬ್‌ನ್ಯಾಗ ಹಳೇ ಹಾಯಿದೋಣಿ ಕೊಂಡು ದೇಶ ದೇಶ ಸುತ್ತತಾರಲ್ಲಪಾ, ಅದು ಚಲೋ ಐತೋ ಇಲ್ಲೋ ಹೆಂಗ ನೋಡ್ತಾರ?"

ಹಾವೇರಿ ಜಿಲ್ಲೆಗೆ ಸಮುದ್ರ ಇಲ್ಲ, ಖರೆ. ಆದರೆ ಕಳೆದ ಭಾನುವಾರ ಚೌಡದಾನಪುರದ ಹತ್ತಿರ ತುಂಗಭದ್ರೆಯ ದಂಡೆಯಲ್ಲಿ ನಾವು ಮಾಡಿದ್ದೂ ಅದೇ ಕೆಲಸ. ನಮ್ಮ ಮಾವನ ಬಿದಿರಿನ ತೆಪ್ಪಕ್ಕೆ (ಪುಸ್ತಕದಾಗ ಹರಿಗೋಲು ಅಂತಾರ) ಹುಳ ಬಿದ್ದೈತಿ. ಮಲೆನಾಡಿನಲ್ಲಿ ಮಳೆ ಜಡಿದರೆ ತುಂಗಾ, ಭದ್ರಾ ಎರಡರ ನೀರೂ ಕೂಡ್ಲಿಯಲ್ಲಿ ಸೇರಿ ಕೆಂಪಗೆ ಏರಿ ಬರುತ್ತದೆ. ಅಷ್ಟರೊಳಗೆ ಬೇರೆ ತೆಪ್ಪ ಬೇಕು. ಬಲೆ ಬಿಡಲು ಮಾವನ ಜೊತೆ ಹೋಗೋದು ಪಿಯುಸಿ ಓದುವ ಅವನ ಮಗ. ಹುಡುಗನಿಗೆ ಈಜು ಅಷ್ಟಕ್ಕಷ್ಟೆ.

ಮೊದಲು ಗೆಳೆಯನ ಪ್ರಶ್ನೆ. ಸಮುದ್ರದ ಹಾಯಿದೋಣಿಯ ತಳದಲ್ಲಿ ಬೆನ್ನೆಲುಬಿನ ಹಾಗೆ ಕೀಲ್ ಇರುತ್ತದೆ. ಹಳೇ ಮಾದರಿಯಲ್ಲಿ ಅದು ತಳದ ಉದ್ದಕ್ಕೂ ಹೋಗಿ, ಚುಕ್ಕಾಣಿ ಅದರ ಹಿಂದಿನ ತುದಿಗೇ ಕೂತಿರುತ್ತದೆ. ತಿರುಗೋದು ನಿಧಾನ, ಹಿಡಿದ ದಾರಿ ಮಾತ್ರ ಬಿಡಲ್ಲ. ಗೋಲ್ಡನ್ ಗ್ಲೋಬ್ ರೇಸ್‌ಗೆ ಇಂಥ ದೋಣಿಯೇ ಬೇಕು: 32ರಿಂದ 36 ಅಡಿ, 1988ಕ್ಕಿಂತ ಹಿಂದಿನ ವಿನ್ಯಾಸ. ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟಾಮಿ 2018ರಲ್ಲಿ ಈ ರೇಸಿನಲ್ಲಿ ಬಿರುಗಾಳಿಗೆ ಸಿಕ್ಕು ಬೆನ್ನು ಮುರಿದುಕೊಂಡರು. ಮತ್ತೆ ಹೋದರು. 2023ರ ಏಪ್ರಿಲ್‌ನಲ್ಲಿ ರಸ್ಲರ್ 36 ದೋಣಿಯಲ್ಲಿ ಒಬ್ಬರೇ ಜಗತ್ತು ಸುತ್ತಿ ಎರಡನೇ ಸ್ಥಾನ ಪಡೆದರು. (ವಿಡಿಯೋ ನೋಡ್ರಿ, ನಿದ್ದಿ ಬರೂದಿಲ್ಲ.)

ನಮ್ಮ ತೆಪ್ಪಕ್ಕೆ ಕೀಲೂ ಇಲ್ಲ, ಚುಕ್ಕಾಣಿಯೂ ಇಲ್ಲ, ಮಳೆ ಬಂದರೆ ಒಳಗೆ ಕೂತು ನಡೆಸೋ ಕೋಣೆಯಂತೂ ಇಲ್ಲವೇ ಇಲ್ಲ. ಒಂದು ಹುಟ್ಟು, ಅಷ್ಟೇ. ಕೈ ತಪ್ಪಿದರೆ ಗರಗರ ತಿರುಗುತ್ತದೆ. ಆದರೆ ಮೊಣಕಾಲುದ್ದ ನೀರಲ್ಲೂ ತೇಲುತ್ತದೆ. ಟಾಮಿಯವರ ದೋಣಿ ಬೇಸಿಗೆಯ ನಮ್ಮ ಹೊಳೆಯಲ್ಲಿ ಮೊದಲ ಬಂಡೆಗೇ ಕೂತುಬಿಡುತ್ತದೆ. ಅದಕ್ಕ "ಯಾವ ದೋಣಿ ಚಲೋ" ಅನ್ನೋಕಿಂತ ಮೊದಲು "ಯಾವ ನೀರಿಗೆ" ಅಂತ ಕೇಳ್ರಿ.

ನಾವು ನೋಡಿದ್ದು ಫೈಬರ್ ತೆಪ್ಪ. ಹೊಸದಾಗಿ ನೀಲಿ ಬಣ್ಣ ಹೊಡೆದಿದ್ದರು, ಆರು ಸಾವಿರ ಹೇಳಿದರು. ಫೋಟೋಕ್ಕ ಮಸ್ತ್ ಐತಿ, ಸ್ವೈಪ್ ಮಾಡಿ ನೋಡ್ರಿ. ಮಾವ ಬಣ್ಣದ ಕಡೆ ನೋಡಲೇ ಇಲ್ಲ. ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಚೀಲದ ಬಾಯಷ್ಟೇ ನೋಡಿ ರೇಟ್ ಹೇಳೋರನ್ನ ಕಂಡೀರೇನು? ಹಂಗ ಇದೂ. ಬೋರಲು ಹಾಕಿಸಿ, ಹೊಳೆಯ ಉರುಟು ಕಲ್ಲೊಂದು ತಗೊಂಡು ಗೇಣು ಗೇಣಿಗೆ ಬಡಿಯುತ್ತಾ ಹೋದ. ಗಟ್ಟಿ ಇದ್ದಲ್ಲಿ ಟಣ್. ಒಂದು ಕಡೆ ಮಾತ್ರ ಡಬ್ ಡಬ್, ಕೊಳೆತ ಕುಂಬಳಕಾಯಿ ಬಡಿದ ಹಾಗೆ. ಅಲ್ಲಿ ಒಳಗಿನ ಪದರ ಬಿಟ್ಟಿದೆ ಎಂದರ್ಥ. ಕಲ್ಲಿನ ಮೇಲೆ ಎಳೆದೆಳೆದು ಸವೆದ ಜಾಗದಲ್ಲಿ ಬಣ್ಣದ ಕೆಳಗಿಂದ ಗಾಜಿನ ಎಳೆಗಳು ಕೂದಲಿನಂತೆ ಕೈಗೆ ಚುಚ್ಚಿದವು.

ಆಮೇಲೆ ನಾಲ್ಕು ಕಲ್ಲಿನ ಮೇಲೆ ಅಂಗಾತ ಕೂರಿಸಿ ಒಳಗೆ ಎರಡು ಕೊಡ ನೀರು ಸುರಿದು, ಚಹಾ ಕುಡಿದು ಬಂದೆವು. ಆ ಡಬ್ ಡಬ್ ಜಾಗದಲ್ಲೇ ತಳ ಬೆವರಿತ್ತು.

ಮಾರುವವರು ನಾಲ್ಕೂವರೆಗೆ ಇಳಿದರು. "ಒಂದ್ ತೇಪಿ ಹಾಕಿದ್ರ ಮುಗೀತಲ್ಲೋ ಯಣ್ಣಾ" ಅಂದರು. ನನಗೂ ರಾಳ, ಮ್ಯಾಟ್ ತಂದು ರಿಪೇರಿ ಮಾಡಿದರೆ ಲಾಭವೇ ಅನ್ನಿಸಿತ್ತು. ಮಾವ ಒಪ್ಪಲಿಲ್ಲ. "ಬಿದಿರಿಗೆ ಹುಳ ಬಿದ್ರ ಪುಡಿ ಉದುರಿ ತಾನ ಹೇಳ್ತೈತಿ. ಇದು ನಡು ಹೊಳ್ಯಾಗ ಹೇಳ್ತೈತಿ. ಅವತ್ತು ಒಳಗ ಹುಡುಗ ಇರ್ತಾನ" ಅಂದ.

ಹಾಗಂತ ಫೈಬರ್ ಬೇಡ ಅಂತ ನಾನಂತೂ ಹೇಳಲ್ಲ. ತಳ ಗಟ್ಟಿ ಇದ್ದರೆ ಹಗುರ, ವರ್ಷ ವರ್ಷ ಡಾಂಬರು ಬಳಿಯೋ ಕಾಟವೂ ಇಲ್ಲ. ಐರಣಿ ಕಡೆ ಇನ್ನೊಂದು ಮಾರೋದೈತಂತ. ಈ ಭಾನುವಾರ ರಾಣೇಬೆನ್ನೂರು ಬಸ್ ಸ್ಟ್ಯಾಂಡಿನಿಂದ ಎಂಟಕ್ಕ ಹೊಂಟೀವಿ. ಬರೋರು ಮೆಸೇಜ್ ಹಾಕ್ರಿ, ಬಡಿಯಾಕ ಕಲ್ಲು ಅಲ್ಲೇ ಸಿಗತಾವ.