ಸಿಂಗಾನಲ್ಲೂರಿನಲ್ಲಿ ನಾವು ಒಂದನೇ ತರಗತಿ ಓದಿದ್ದು



ಸ್ಪ್ಯಾನಿಷ್ ಕಲಿಯಲು ಸ್ಪೇನ್ ದೇಶಕ್ಕೆ ಹೋಗುವ ವಿದ್ಯಾರ್ಥಿಗಳು ಅಲ್ಲಿಯ ಯಾವುದಾದರೂ ಒಂದು ಮನೆಯಲ್ಲಿ ಉಳಿಯುತ್ತಾರಂತೆ. ಮನೆಯವರ ಜೊತೆ ಉಂಡು, ಮಾತಾಡಿ, ತಪ್ಪಿ, ನಗಿಸಿಕೊಂಡು ಭಾಷೆ ಕಲಿಯುತ್ತಾರಂತೆ. ಇದನ್ನು ಕೇಳಿದಾಗ ನಮಗೆ ನಗು ಬಂತು. ನಾವೂ ಹಾಗೆ ಕಲಿತವರೇ. ವಿಮಾನ ಹತ್ತಲಿಲ್ಲ, ದಿಂಬಂ ಘಟ್ಟದ 27 ತಿರುವು ಇಳಿದೆವು, ಅಷ್ಟೇ.

ಅದು 2004ರ ಬೇಸಿಗೆ ರಜೆ. ತಾಳವಾಡಿ ಕಡೆಯ ಕನ್ನಡ ಮಾಧ್ಯಮ ಶಾಲೆಗೆ ನಾವಿಬ್ಬರೂ ಹೊಸದಾಗಿ ಸೇರಿದ್ದೆವು. ಕನ್ನಡದಲ್ಲೇ ಓದಿ, ಟಿ.ಸಿ.ಎಚ್. ಮುಗಿಸಿ ಬಂದವರು. ಆಗ ತಮಿಳುನಾಡಿನ ಸರ್ಕಾರಿ ನೌಕರಿಗೆ ತಮಿಳು ಓದದೆ ಸೇರಿದವರು ಎರಡು ವರ್ಷದೊಳಗೆ ತಮಿಳು ಭಾಷಾ ಪರೀಕ್ಷೆ ಪಾಸು ಮಾಡಬೇಕಿತ್ತು. ಮೊದಲ ಸಲ ಇಬ್ಬರೂ ಡುಮ್ಕಿ ಹೊಡೆದಿದ್ದೆವು. ಇನ್ನೊಂದು ಸಲ ಹಾಗಾದರೆ ನೌಕರಿಯ ಗತಿ ಏನು ಎಂದು ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆಗ ನಮ್ಮ ಮುಖ್ಯೋಪಾಧ್ಯಾಯರು, "ಇಲ್ಲಿ ಕೂತರೆ ನಿಮಗೆ ಕನ್ನಡವೇ. ಕೊಯಮತ್ತೂರಿಗೆ ಹೋಗಿ, ಸಿಂಗಾನಲ್ಲೂರಿನಲ್ಲಿ ನಮಗೆ ಬೇಕಾದವರ ಮನೆ ಇದೆ" ಎಂದರು.

ಸಿಂಗಾನಲ್ಲೂರು ಎಂದಾಗ ಮನೆಯವರಿಗೆ ನೆನಪಾದದ್ದು ಡಾ. ರಾಜಕುಮಾರ್ ಅವರ ಹಿರಿಯರ ಊರು, ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರು. ನಾವು ಹೊರಟದ್ದು ನೊಯ್ಯಲ್ ನದಿಯ ಕಡೆಯ, ಗಿರಣಿಗಳ ಸಿಂಗಾನಲ್ಲೂರಿಗೆ. ಆದರೆ 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಎರಡು ಸಿಂಗಾನಲ್ಲೂರೂ ಒಂದೇ ಜಿಲ್ಲೆ!

ಆ ಮನೆಯವರು ದೇವಾಂಗದವರು. ಅಜ್ಜಿಯ ತವರು ಕೊಳ್ಳೇಗಾಲ. "ನಾನು ಮದುವೆಯಾಗಿ ಬಂದಾಗ ಇದೂ ಅದೂ ಒಂದೇ ಜಿಲ್ಲೆ ಕಣ್ಣೂ, ಆಮೇಲೆ ನನ್ನ ತವರು ಬೇರೆ ರಾಜ್ಯ ಆಗೋಯ್ತು" ಎಂದರು. ಅವರ ಬಾಯಲ್ಲಿ ಕನ್ನಡ ಕೇಳಿ ನಮಗೆ ಹೋದ ಜೀವ ಬಂದಂತಾಯಿತು. ಆದರೆ ಅಜ್ಜಿ ಮರುದಿನವೇ ಕಟ್ಟಪ್ಪಣೆ ಮಾಡಿದರು: "ನನ್ನ ಹತ್ತಿರ ಕನ್ನಡ ಆಡಿದರೆ ಅನ್ನ ಇಲ್ಲ. ನೀವು ಪಾಸಾಗಬೇಕು."

ಮೊದಲ ವಾರ ಕಷ್ಟ. ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುವ ನಾವು ಅಲ್ಲಿ ಮೂಗರು. ಪಕ್ಕದ ಮನೆಯವರು "ಎಂದ ಪಳ್ಳಿಕೂಡಂ?" ಎಂದು ಕೇಳಿದರು. ನಮ್ಮ ಕಿವಿಗೆ ಬಿದ್ದದ್ದು 'ಪಳ್ಳಿ', ಅಂದರೆ ಹಳ್ಳಿ ಎಂದುಕೊಂಡು ಊರಿನ ಹೆಸರು ಹೇಳಿದೆವು. ಅವರು ಕೇಳಿದ್ದು ಯಾವ ಶಾಲೆ ಎಂದು. ನಗರ ಬಸ್ಸಿನ ಫಲಕವನ್ನು ಅಕ್ಷರ ಕೂಡಿಸಿ "ಕಾಂತಿಪುರಂ" ಎಂದು ಓದಿದೆವು. ಅದು ಗಾಂಧಿಪುರಂ. ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಜಾಗ ನೋಡಿಕೊಂಡು ಉಚ್ಚರಿಸಬೇಕು. ಎರಡನೇ ತರಗತಿಯ ಮೊಮ್ಮಗ ಬಿದ್ದು ಬಿದ್ದು ನಕ್ಕ. ನಾಲ್ಕನೇ ದಿನ ನಮ್ಮ ಗೆಳೆಯರು ಚೀಲ ಕಟ್ಟಿಯೇ ಬಿಟ್ಟರು. ಅಜ್ಜಿ ಏನೂ ಹೇಳಲಿಲ್ಲ, ಎರಡು ಎಲೆ ಹಾಕಿದರು. ಉಂಡ ಮೇಲೆ ಚೀಲ ಬಿಚ್ಚಿದೆವು.

ಆ ಮೊಮ್ಮಗನೇ ನಮ್ಮ ಗುರು. ಅವನ ಒಂದನೇ ತರಗತಿಯ ಹಳೇ ಪುಸ್ತಕ ಹಿಡಿದು ಜಗಲಿಯಲ್ಲಿ ಕೂತೆವು. ಒಟ್ಟು 247 ಅಕ್ಷರ: 12 ಸ್ವರ, 18 ವ್ಯಂಜನ, ಅವೆರಡೂ ಕೂಡಿದ 216, ಆಯ್ದಂ ಒಂದು. ನಾವು ತಪ್ಪಿದರೆ ಅವನು ಸ್ಲೇಟು ಕಿತ್ತುಕೊಂಡು "ಮರುಪಡಿಯುಂ ಎಳುದುಂಗ ಸಾರ್" ಎನ್ನುತ್ತಿದ್ದ. ಮತ್ತೆ ಬರೆಯಿರಿ ಎಂದು! ಆದರೆ ಒಮ್ಮೆಯೂ ಬೈಯಲಿಲ್ಲ.

ಹತ್ತು ದಿನ ಕಳೆಯುವಷ್ಟರಲ್ಲಿ ಒಂದು ಬೀಗದ ಕೈ ಸಿಕ್ಕಿತು. ನಮ್ಮ 'ಹ' ಇದ್ದ ಕಡೆ ಅಲ್ಲಿ 'ಪ'. ಹಾಲು ಪಾಲ್, ಹೂವು ಪೂ, ಹಲ್ಲು ಪಲ್. ನಮ್ಮ 'ಬ' ಇದ್ದ ಕಡೆ 'ವ'. ಬಾಯಿ ವಾಯ್, ಬೇರು ವೇರ್, ಬೆರಳು ವಿರಲ್. ಹಳಗನ್ನಡದ ಪಾಠದಲ್ಲಿ ಉರು ಹೊಡೆದಿದ್ದ ಱ, ೞ ಅಕ್ಷರಗಳು ಅಲ್ಲಿ ಮಗುವಿನ ಪುಸ್ತಕದಲ್ಲೇ ಇದ್ದವು. ಪರಭಾಷೆ ಎಂದು ಹೆದರಿದ್ದೆವು, ಅದು ದಾಯಾದಿ ಮನೆ.

ಒಂದು ದಿನ ಹುಡುಗನನ್ನು ಕೇಳಿದೆವು, ನಿನಗೆ ಅಜ್ಜಿಯ ಭಾಷೆ ಓದಲು ಬರುತ್ತದೆಯೇ ಎಂದು. "ಅದಕ್ಕೆ ಅಕ್ಷರ ಇಲ್ಲ ಸಾರ್, ಅದು ಮನೇಲಿ ಆಡೋದು" ಎಂದುಬಿಟ್ಟ. ತಮಿಳಿನಲ್ಲೇ ಹೇಳಿದ. ನಮಗೆ ಎದೆ ಧಸಕ್ಕೆಂದಿತು. ಅವನ ಸ್ಲೇಟಿನ ಮೇಲೆ ಅಜ್ಜಿಯ ಹೆಸರನ್ನು ಕನ್ನಡದಲ್ಲಿ ಬರೆದು ತೋರಿಸಿದೆವು. ಅಜ್ಜಿ ಶಾಲೆ ಕಂಡವರಲ್ಲ. ಸ್ಲೇಟನ್ನು ಬೆಳಕಿಗೆ ಹಿಡಿದು, "ಇಷ್ಟು ದುಂಡಗಿದೆಯಾ ನಮ್ಮ ಮಾತು?" ಎಂದರು. ಅಂದು ಅವರೇ ಕಟ್ಟಪ್ಪಣೆ ಮುರಿದು ರಾತ್ರಿಯವರೆಗೂ ಕನ್ನಡದಲ್ಲಿ ಮಾತಾಡಿದರು. ಹೊರಡುವವರೆಗೆ ದಿನಕ್ಕೆರಡು ಕನ್ನಡ ಅಕ್ಷರ ಹುಡುಗನಿಗೆ ಕಲಿಸಿದೆವು. ಅಷ್ಟೂ ಮುಗಿಯಲಿಲ್ಲ, ರಜೆ ಮುಗಿಯಿತು.

ಎರಡನೇ ಸಲ ಪರೀಕ್ಷೆ ಪಾಸಾದೆವು. ನೌಕರಿ ಉಳಿಯಿತು.

ಆದರೆ ಹೇಳಲೇಬೇಕಾದ ಮಾತು ಬೇರೆ ಇದೆ. ಸಿಂಗಾನಲ್ಲೂರಿಗೆ ಹೋಗುವ ಮುಂಚೆ, ಓದಲು ತಡವರಿಸಿದ ಒಬ್ಬ ಹುಡುಗನನ್ನು ನಾವು ಬೆಂಚಿನ ಮೇಲೆ ನಿಲ್ಲಿಸಿದ್ದೆವು. ಸೋಲಿಗರ ಮಗು. ಅವನ ಮನೆಯ ನುಡಿ ಬೇರೆ, ನಮ್ಮ ಪುಸ್ತಕದ ಕನ್ನಡ ಬೇರೆ ಎಂದು ನಮಗೆ ಹೊಳೆದಿರಲಿಲ್ಲ. ಬಸ್ಸಿನ ಫಲಕದ ಮುಂದೆ ನಾವು ನಿಂತಾಗ ಹೊಳೆಯಿತು. ಶಾಲೆ ತೆರೆದ ದಿನ ಅವನನ್ನು ಹುಡುಕಿದೆವು. ಶಾಲೆ ಬಿಟ್ಟು ಕೂಲಿಗೆ ಹೋಗುತ್ತಿದ್ದ. ಮನೆಗೆ ಹೋಗಿ ಕರೆದೆವು, ಬರಲಿಲ್ಲ.

2006ರಲ್ಲಿ ತಮಿಳು ಕಲಿಕೆಯ ಕಾಯಿದೆ ಬಂತು. 2006-07ರಲ್ಲಿ ಒಂದನೇ ತರಗತಿಯಿಂದ ಶುರುವಾಗಿ, ವರ್ಷಕ್ಕೊಂದು ತರಗತಿ ಏರಿ, 2015-16ಕ್ಕೆ ಹತ್ತನೇ ತರಗತಿ ಮುಟ್ಟುವಂತೆ ಮಾಡಿದ್ದರು. ಕನ್ನಡದ ಮಕ್ಕಳು ಎರಡು ಲಿಪಿ ಒಟ್ಟಿಗೆ ಹಿಡಿಯಬೇಕಾಯಿತು. ಕಾಯಿದೆಯ ಸರಿ ತಪ್ಪು ದೊಡ್ಡ ಚರ್ಚೆ, ನ್ಯಾಯಾಲಯದವರೆಗೂ ಹೋಯಿತು. ನಮ್ಮ ಮುಂದೆ ಇದ್ದದ್ದು ಆರು ವರ್ಷದ ಮಗು. ಅದು ಗಾಂಧಿಯನ್ನು 'ಕಾಂತಿ' ಎಂದು ಓದಿದಾಗ ಸ್ಲೇಟು ತೆಗೆದುಕೊಂಡು ನಾವು ಹೇಳುವುದು ಇಷ್ಟೇ: ಮತ್ತೆ ಬರೆಯಪ್ಪಾ, ನಾವೂ ಹಾಗೇ ಓದಿದ್ದೆವು.