ಅಪ್ಪನ ಕಂಪ್ಯೂಟರೂ, ನೆಟ್‌ವರ್ಕ್ ರೀಸೆಟ್ಟೂ

ಹೋದ ವಾರ ಊರಿಗೆ ಹೋಗಿದ್ದೆ. ಅಪ್ಪನ ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿಟ್ಟಿತ್ತು. "ಯಾಕಪ್ಪಾ?" ಅಂದರೆ, "ಇಂಟರ್‌ನೆಟ್ ಬರ್ತಿಲ್ಲ. ನಾನೇ ಏನೋ ಒತ್ತಿಬಿಟ್ಟೆ ಅನ್ಸುತ್ತೆ..." ಅಂತ ದನಿ ತಗ್ಗಿಸಿದರು. ಹದಿನೈದು ದಿನದಿಂದ ಹೀಗೇ ಅಂತೆ. ದಿನಾ ಫೋನಿನಲ್ಲಿ ಮಾತಾಡುತ್ತಿದ್ದೆವು, ಇದೊಂದು ಮಾತು ಹೇಳಿರಲಿಲ್ಲ!

ಇಂಜಿನಿಯರ್ ಮಗ ಅಂದಮೇಲೆ ಸುಮ್ಮನಿರೋಕಾಗುತ್ತಾ? ಕೂತೆ. ವೈಫೈ ಕನೆಕ್ಟ್ ಆಗಿದೆ, ಆದರೆ 'ನೋ ಇಂಟರ್‌ನೆಟ್'. ಅಮ್ಮನ ಫೋನಿನಲ್ಲಿ ಮಾತ್ರ ಯಕ್ಷಗಾನ ಆರಾಮಾಗಿ ಓಡ್ತಿದೆ. ಅಂದರೆ ಲೈನು ಸರಿ ಇದೆ, ಎಡವಟ್ಟು ಕಂಪ್ಯೂಟರಿನದ್ದೇ. ರೀಸ್ಟಾರ್ಟ್ ಮಾಡಿದೆ. ಡಿಎನ್‌ಎಸ್ ಕ್ಯಾಶೆ ಖಾಲಿ ಮಾಡಿದೆ. ಊಹೂಂ. ತಾಳ್ಮೆಯಿಂದ ಕಾರಣ ಹುಡುಕಬೇಕಿತ್ತು ನಿಜ, ಆದರೆ ಒಳಗೆ ಅಮ್ಮ ದೋಸೆ ಹುಯ್ಯುತ್ತಿದ್ದಳು :) ಸೀದಾ ವಿಂಡೋಸ್ 11ರ ಕೊನೇ ಅಸ್ತ್ರಕ್ಕೇ ಕೈ ಹಾಕಿದೆ. ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್‌ನೆಟ್, ಅಡ್ವಾನ್ಸ್‌ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್, ಅದರೊಳಗೆ ನೆಟ್‌ವರ್ಕ್ ರೀಸೆಟ್. ಇದು ನೆಟ್‌ವರ್ಕ್ ಅಡಾಪ್ಟರುಗಳನ್ನೆಲ್ಲ ಕಿತ್ತು ಹೊಸದಾಗಿ ಕೂರಿಸುತ್ತೆ. ನಾವು ಮಾಡಿಟ್ಟ ಸೆಟ್ಟಿಂಗುಗಳೆಲ್ಲ ಅಳಿಸಿಹೋಗುತ್ತವೆ. ವೈಫೈ ಪಾಸ್‌ವರ್ಡೂ ಹೋಗುತ್ತೆ, ಬರೆದಿಟ್ಟುಕೊಂಡೇ ಒತ್ತಬೇಕು. ಅಪ್ಪನ ಡೈರಿಯ ಕೊನೇ ಪುಟದಲ್ಲಿತ್ತು, ಬಚಾವ್.

ರೀಸ್ಟಾರ್ಟ್‌ಗೆ ಮುಂಚೆ ಐದು ನಿಮಿಷ ಕಾಯಿಸುತ್ತೆ ಅದು. ಆಗ ಗೋಡೆ ಮೇಲಿನ ರೌಟರ್ ಕಣ್ಣಿಗೆ ಬಿತ್ತು. ಹೊಸದು!

"ಹಳೇದು ಸಿಡಿಲಿಗೆ ಸುಟ್ಟೋಯ್ತು ಮಾರಾಯಾ. ಲೈನಿನ ಹುಡುಗ ಬೇರೆ ಹಾಕಿಕೊಟ್ಟ. ಹೆಸರು, ಪಾಸ್‌ವರ್ಡು ಎಲ್ಲ ಮೊದಲಿಂದೇ ಇಟ್ಟಿದಾನೆ."

ಎದೆ ಧಸಕ್ಕೆಂದಿತು. ಎರಡು ವರ್ಷದ ಹಿಂದೆ, ಫೋನಿನ ಫೋಟೋಗಳನ್ನು ಕಂಪ್ಯೂಟರಿಗೆ ಕಳಿಸೋಕೆ ಸುಲಭವಾಗಲಿ ಅಂತ ಅದಕ್ಕೊಂದು ಖಾಯಂ ಐಪಿ ಅಡ್ರೆಸ್ ಕೊಟ್ಟವನು ನಾನೇ: 192.168.0.50. ಹಳೇ ರೌಟರಿನದ್ದು 192.168.0.1. ಹೊಸದರದ್ದು 192.168.1.1 ಅಂತ ಡಬ್ಬಿಯ ಮೇಲೇ ಬರೆದಿತ್ತು. ಪಾಪ, ಕಂಪ್ಯೂಟರು ಇಲ್ಲದ ಮನೆಯ ಬಾಗಿಲು ಬಡಿಯುತ್ತಾ ಕೂತಿತ್ತು! ಫೋನುಗಳಿಗಾದರೆ ರೌಟರೇ ನಂಬರ್ ಹಂಚುತ್ತೆ, ಅವಕ್ಕೆ ಬಿಸಿ ತಟ್ಟಲಿಲ್ಲ. ರೀಸೆಟ್ಟು ನನ್ನ ಬುದ್ಧಿವಂತಿಕೆಯನ್ನು ಅಳಿಸಿ, ಪಾಸ್‌ವರ್ಡ್ ಕೊಟ್ಟಿದ್ದೇ ತಡ, ನೆಟ್ ಬಂತು.

"ಏನಾಗಿತ್ತೋ?" ಅಂದರು ಅಪ್ಪ. 'ಏನೋ ಸಣ್ಣ ಪ್ರಾಬ್ಲಮ್ಮು' ಅಂತ ತೇಲಿಸಬಹುದಿತ್ತು, ಆಫೀಸಿನಲ್ಲಿ ಹೇಳಿ ಅಭ್ಯಾಸವೂ ಇದೆ. ಆದರೆ ಆ ಟವೆಲ್ ಅಲ್ಲೇ ಕುರ್ಚಿಯ ಮೇಲಿತ್ತು. ಎಲ್ಲ ಹೇಳಿದೆ. ಎಷ್ಟು ಅರ್ಥವಾಯಿತೋ...

"ಹಾಗಾದ್ರೆ ನಾನೇನೂ ಒತ್ತಿರ್ಲಿಲ್ಲ?"

"ಇಲ್ಲಪ್ಪ. ತಪ್ಪು ನಂದೇ."

ಟವೆಲ್ ಹೆಗಲಿಗೆ ಹಾಕಿಕೊಂಡು, ಅಮ್ಮನಿಗೆ ಹೇಳೋಕೆ ಅಡುಗೆಮನೆಗೆ ಹೊರಟರು.