ಮುಡಿಪಿನ ರೂಪಾಯಿ

ಹಳೆಯ ಟ್ರಂಕನ್ನು ಬಿಸಿಲಿಗೆ ಇಡುವಾಗ ಅರಿಶಿನದ ಬಟ್ಟೆಯ ಪುಟ್ಟ ಗಂಟೊಂದು ಕೈಗೆ ಸಿಕ್ಕಿತು. ಬಿಚ್ಚುವ ಮೊದಲೇ ಅದೇನೆಂದು ನನಗೆ ಗೊತ್ತಿತ್ತು. ನಮ್ಮ ಅತ್ತೆಯವರು 1979ರಲ್ಲಿ ವಿದುರಾಶ್ವತ್ಥದ ದೇವರಿಗೆಂದು ಕಟ್ಟಿಟ್ಟ ಮುಡಿಪು ಅದು. ನನಗೆ ಮಗುವಾದರೆ ನಾಗರಕಲ್ಲು ನಿಲ್ಲಿಸಿ, ಈ ರೂಪಾಯಿಯನ್ನು ಹುಂಡಿಗೆ ಹಾಕುವುದೆಂದು ಹರಕೆ. ಮಗುವಾಗಲಿಲ್ಲ. ರೂಪಾಯಿ ಮನೆಯಲ್ಲೇ ಉಳಿಯಿತು.

ಪಕ್ಕದಲ್ಲಿದ್ದ ನಾದಿನಿಯ ಮೊಮ್ಮಗ ಅದನ್ನು ಕಸಿದುಕೊಂಡು ಕೂಗಿದ: "ಅಜ್ಜಿ, ಇದಕ್ಕೆ ಒಂದೇ ಮುಖ! ಟಂಕಸಾಲೆಯಲ್ಲೇ ತಪ್ಪಾಗಿದೆ. ಇಂಥದಕ್ಕೆ ಲಕ್ಷಗಟ್ಟಲೆ ಕೊಡುತ್ತಾರೆ." ನಿಜಕ್ಕೂ ಸಿಂಹಗಳಿರುವ ಕಡೆ ಬೋಳುಬೋಳಾಗಿತ್ತು. ಹುಡುಗ ಮೊಬೈಲಿನಲ್ಲಿ ಯಾರನ್ನೋ ಹಿಡಿದೂ ಬಿಟ್ಟ. ಆ ಮಹಾರಾಯ ಲಕ್ಷ ಕೊಡುವ ಮೊದಲು ನಾವೇ ನೋಂದಣಿಗೆಂದು ಒಂದಿಷ್ಟು ಹಣ ಕಳಿಸಬೇಕಂತೆ! ಇಂಥವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲೇ ಎಚ್ಚರಿಸಿತ್ತು. ಫೋನು ಇಡಿಸಿದೆ. ಆದರೆ ನನಗೂ ಕುತೂಹಲ ಹುಟ್ಟಿತು. ಇದು ಹುಟ್ಟುವಾಗಲೇ ಬಂದ ದೋಷವೋ, ಬಳಸಿ ಆದ ಸವೆತವೋ?

ನಾಣ್ಯ ಹಳೆಯದನ್ನು ಬಲ್ಲ ನೆಂಟರೊಬ್ಬರನ್ನು ಕೇಳಿದೆ. ಅವರು ಹೇಳಿದ್ದು ಅಡಿಗೆಮನೆಯವಳಾದ ನನಗೆ ಚೆನ್ನಾಗಿ ಅರ್ಥವಾಯಿತು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹುಯ್ಯುತ್ತೇವಲ್ಲ, ಮರದ ಅಚ್ಚು ಬಿರುಕು ಬಿಟ್ಟಿದ್ದರೆ ಸಕ್ಕರೆಯ ಗಿಣಿಯ ಮೇಲೆ ಒಂದು ಗೆರೆ ಉಬ್ಬಿ ನಿಲ್ಲುತ್ತದೆ. ನಾಣ್ಯದಲ್ಲೂ ಹಾಗೆಯೇ. ಅಚ್ಚಿನ ಬಿರುಕಾದರೆ ಗೆರೆ ಉಬ್ಬಿರುತ್ತದೆ. ಆಮೇಲೆ ಬಿದ್ದ ಗೀರಾದರೆ ತಗ್ಗಾಗಿರುತ್ತದೆ. ಉಗುರು ಆಡಿಸಿದರೆ ತಿಳಿಯುತ್ತದೆ. ನಿಪ್ಪಟ್ಟಿನ ಹಾಳೆಯನ್ನು ಮುಚ್ಚಳದಿಂದ ಕತ್ತರಿಸುವಾಗ ಮೊದಲು ಕತ್ತರಿಸಿದ ಜಾಗದ ಮೇಲೆಯೇ ಮುಚ್ಚಳ ಬಿದ್ದರೆ ಅಂಚಿನಲ್ಲಿ ಚಂದ್ರನ ಆಕಾರದ ಕೊರೆ ಉಳಿಯುತ್ತದೆ; ಲೋಹದ ಬಿಲ್ಲೆಗೂ ಆ ಗತಿ ಬರುವುದುಂಟು. ಬಿಲ್ಲೆ ಪಕ್ಕಕ್ಕೆ ಜಾರಿದ್ದರೆ ಚಿತ್ರ ಒಂದು ಕಡೆಗೆ ಸರಿದು, ಇನ್ನೊಂದು ಕಡೆ ಖಾಲಿ ಬಿಡುತ್ತದೆ. ಇಸವಿಯ ಕೆಳಗೆ ಗುರುತಿಲ್ಲವೆಂದು ತಪ್ಪು ನಾಣ್ಯ ಎನ್ನುವವರೂ ಇದ್ದಾರೆ. ಆದರೆ ವಜ್ರದಾಕಾರ ಮುಂಬಯಿಯದು, ನಕ್ಷತ್ರ ಹೈದರಾಬಾದಿನದು, ದುಂಡು ಚುಕ್ಕೆ ನೋಯಿಡಾದ್ದು, ಏನೂ ಇಲ್ಲದಿದ್ದರೆ ಕಲ್ಕತ್ತೆಯದು. ಅದು ತಪ್ಪಲ್ಲ, ರೂಢಿ.

"ಅಚ್ಚಿನೊಳಗೆ ಜಿಡ್ಡು ತುಂಬಿ ಅಕ್ಷರ ಮೂಡದೆಯೂ ಹೋಗಬಹುದು. ಆಗ ಲೋಹ ಎಲ್ಲೂ ಹೋಗಿರುವುದಿಲ್ಲ, ತೂಕ ಸರಿಯಾಗಿರುತ್ತದೆ. ಸವೆದಿದ್ದರೆ ಎತ್ತರದ ಭಾಗ ಮೊದಲು ಹೋಗಿರುತ್ತದೆ, ಅಂಚೂ ತೆಳುವಾಗಿರುತ್ತದೆ. ತೂಗಿಸಿ ನೋಡಿ" ಎಂದರು.

ಗೌರಿಬಿದನೂರಿನ ಅಕ್ಕಸಾಲಿಗರೊಬ್ಬರು ನಗುತ್ತಲೇ ತಕ್ಕಡಿಗೆ ಹಾಕಿದರು. ಇಸವಿ 1978, ಕೆಳಗೆ ಮುಂಬಯಿಯ ಗುರುತು. ಆ ಕಾಲದ ರೂಪಾಯಿ 8 ಗ್ರಾಂ ತೂಗಬೇಕು. ಇದು ಏಳೂವರೆಗೆ ನಿಂತಿತು. ಓರೆ ಬೆಳಕಿಗೆ ಹಿಡಿದರೆ ಸಿಂಹಗಳ ನೆರಳಿನಂಥ ಗುರುತು ಇನ್ನೂ ಕಾಣುತ್ತಿತ್ತು. ಟಂಕಸಾಲೆ ತಪ್ಪು ಮಾಡಿರಲಿಲ್ಲ. ಅರ್ಧ ಗ್ರಾಮು ಎಲ್ಲಿ ಹೋಯಿತೆಂಬುದು ನನಗೊಬ್ಬಳಿಗೇ ಗೊತ್ತು.

ಪ್ರತಿ ನಾಗರಪಂಚಮಿಯ ಮುಂಚಿನ ದಿನ ಅತ್ತೆಯವರು ಗಂಟು ಬಿಚ್ಚಿ, ಹುಣಿಸೆಹಣ್ಣು ಇಟ್ಟಿಗೆಪುಡಿ ಹಾಕಿ ಆ ನಾಣ್ಯವನ್ನು ಉಜ್ಜುತ್ತಿದ್ದರು. ಸಿಂಹದ ಕಡೆಯನ್ನು ಮಾತ್ರ. ಅದು ದೇವರಿಗೆ ತೋರಿಸುವ ಮುಖವಂತೆ. ಅಂಕಿಯ ಕಡೆಗೆ ಅರಿಶಿನ ಮೆತ್ತಿ ಮತ್ತೆ ಕಟ್ಟುತ್ತಿದ್ದರು. ಉಜ್ಜುತ್ತಾ ಬಂದವರ ಮುಂದೆ ಹೇಳುತ್ತಿದ್ದರು: "ಇವಳಿಗೆ ಹುಟ್ಟಿನಿಂದಲೇ ದೋಷ, ಪಾಪ." ನಾನು ಒಳಗೆ ಅಕ್ಕಿ ಆರಿಸುತ್ತಾ ಕೇಳಿಸಿಕೊಳ್ಳುತ್ತಿದ್ದೆ.

ಮದುವೆಯಾದ ಒಂಬತ್ತನೆಯ ವರ್ಷ ನಮ್ಮ ಯಜಮಾನರು ಕೊನೆಗೂ ಪರೀಕ್ಷೆಗೆ ಒಪ್ಪಿದರು. ಕಾರಣ ಅವರ ಕಡೆಯದೆಂದು ಡಾಕ್ಟರು ಹೇಳಿದರು. ಬಸ್ಸಿನಲ್ಲಿ ಬರುವಾಗ ಇಬ್ಬರೂ ಮಾತಾಡಲಿಲ್ಲ. ಅವರು ತಾಯಿಗೆ ಹೇಳಲಿಲ್ಲ; ನಾನೂ ಹೇಳಲಿಲ್ಲ. ಅತ್ತೆಯವರು ಕೈಲಾಗುವವರೆಗೂ ವರ್ಷವರ್ಷವೂ ಉಜ್ಜುತ್ತಲೇ ಇದ್ದರು. ಈಗ ಇಬ್ಬರೂ ಇಲ್ಲ. ಅವರ ಮಾತಿಗೆ ನಾನು ಎಷ್ಟು ಸವೆದೆನೋ, ಅವರ ಆಸೆಗೆ ಆ ಸಿಂಹಗಳೂ ಅಷ್ಟೇ ಸವೆದಿದ್ದವು. ಕೋಪ ಮಾಡಿಕೊಳ್ಳಲು ಹೋದರೆ ಇಟ್ಟಿಗೆಪುಡಿ ಅಂಟಿದ ಅವರ ಬೆರಳುಗಳೇ ಕಣ್ಣಮುಂದೆ ಬರುತ್ತವೆ.

ಅಕ್ಕಸಾಲಿಗರ ಅಂಗಡಿಯಿಂದ ನೇರ ವಿದುರಾಶ್ವತ್ಥಕ್ಕೆ ಹೋದೆ. ಹಳೆಯ ಅಶ್ವತ್ಥ 2001ರಲ್ಲೇ ಉರುಳಿತು. ನಾಗರಕಲ್ಲುಗಳು ಮಾತ್ರ ಸಾಲುಸಾಲಾಗಿ ನಿಂತೇ ಇವೆ. ಎಷ್ಟೋ ಕಲ್ಲುಗಳ ಹೆಡೆ ನುಣ್ಣಗಾಗಿದೆ. ಶಿಲ್ಪಿಯ ತಪ್ಪೆಂದು ಯಾರೂ ಅನ್ನುವುದಿಲ್ಲ. ಹಾಲೆರೆದು ಅರಿಶಿನ ಹಚ್ಚಿದ ಹೆಂಗಸರ ಕೈಗಳು ಎಂದು ನೋಡಿದರೇ ತಿಳಿಯುತ್ತದೆ.

ಹುಂಡಿಯ ಮುಂದೆ ನಿಂತೆ. ಹರಕೆ ಈಡೇರದಿದ್ದ ಮೇಲೆ ಸಾಲವೂ ಇಲ್ಲವಲ್ಲ ಎಂದುಕೊಂಡು ನಾಣ್ಯವನ್ನು ಮತ್ತೆ ಪರ್ಸಿಗೆ ಹಾಕಿದೆ.

ಅಲ್ಲೇ ಕಲ್ಲಿನ ಸಾಲನ್ನು ಸುತ್ತುತ್ತಿದ್ದ ಹೆಂಗಸೊಬ್ಬರು ನನ್ನ ಪಕ್ಕ ಬಂದು ಕೂತರು. ಹಿಂದೆ ಒದ್ದೆ ಸೀರೆಯಲ್ಲಿ ಎಳೆಯ ಸೊಸೆ. "ಐದು ವರ್ಷವಾಯಿತಮ್ಮ. ಇವಳಿಗೆ ದೋಷವಿದೆ" ಎಂದರು. ಹುಡುಗಿ ತಲೆ ತಗ್ಗಿಸಿದಳು.

ನನ್ನ ಎದೆ ಡವಡವ ಹೊಡೆದುಕೊಂಡಿತು. ಮನೆಯಲ್ಲಿ ಇಷ್ಟು ವರ್ಷ ಆಡದ ಮಾತು ಅಪರಿಚಿತರ ಮುಂದೆ ಹೊರಬಂತು.

"ಡಾಕ್ಟರಿಗೆ ಇಬ್ಬರನ್ನೂ ತೋರಿಸಿದಿರಾ?" ಎಂದು ಕೇಳಿದೆ.

ಆಕೆ ಉತ್ತರಿಸಲಿಲ್ಲ. ಹುಡುಗಿ ಮಾತ್ರ ತಲೆಯೆತ್ತಿ ನನ್ನನ್ನು ನೋಡಿದಳು.